ಹಾಡು ಬೇಡ, ಬರೀ ಪೇಟಿ ನುಡಿಸು

ನೀವು ಕೇಳಿದ್ದು ಇಷ್ಟು: ‘ನಾನು ಕೊಳಲು ನುಡಿಸುತ್ತೇನೆ. ಜನ ಮನೆಮಠ ಕಳೆದುಕೊಂಡು ಧರಣಿ ಕುಳಿತಿರುವಾಗ ಸಾಹಿತ್ಯವೇ ಇಲ್ಲದ ಆಲಾಪದಿಂದ ಏನು ಪ್ರಯೋಜನ? ಅದು ನುಣುಚಿಕೊಳ್ಳುವ ದಾರಿಯಲ್ಲವೇ?’

ಅಲ್ಲ ಎಂದೇ ನನ್ನ ನಂಬಿಕೆ. ಆ ನಂಬಿಕೆ ಹುಟ್ಟಿದ್ದು ಹಳೆಯ ಬಾಗಲಕೋಟೆಯ ಒಂದು ಮನೆಯ ಕಟ್ಟೆಯ ಮೇಲೆ.

ನಮ್ಮದು ಮುಳುಗಡೆಯ ಊರು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದರೆ ಅದರ ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ನಮ್ಮ ಓಣಿಗಳ ತನಕ ಬಂತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನಮ್ಮ ಓಣಿ ಖಾಲಿಯಾಗುವ ಹೊತ್ತಿಗೆ ಮೂವತ್ತು ವರ್ಷ ದಾಟಿತ್ತು. ಅಷ್ಟೂ ವರ್ಷ ಜನ ಇಂದೋ ನಾಳೆಯೋ ಎಂದುಕೊಂಡು ಗೋಡೆಗೆ ಸುಣ್ಣವನ್ನೂ ಹೊಡೆಸದೆ ಬದುಕಿದರು.

ಬಾಗಿಲ ಚೌಕಟ್ಟು, ತೊಲೆ, ಜಂತಿ ಕಿತ್ತು ಟ್ರ್ಯಾಕ್ಟರಿಗೆ ಹೇರಿ, ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಸೆಕ್ಟರುಗಳಿಗೆ ಸಾಗಿಸುತ್ತಿದ್ದ ದಿನಗಳು ಅವು. ಪಕ್ಕದ ಮನೆಯ ಆಯಿ ಕೊನೆಯ ಸಂಜೆ ನನ್ನನ್ನು ಕರೆದರು. ನಾನು ಭಜನೆಗೆ ಪೇಟಿ, ಅಂದರೆ ಹಾರ್ಮೋನಿಯಂ, ಸಾಥ್ ಕೊಡುತ್ತಿದ್ದವನು. ಇಂಥ ಹೊತ್ತಿಗೆ ತಕ್ಕದ್ದೆಂದು ಒಂದು ತತ್ವಪದ ಎತ್ತಿಕೊಂಡೆ. ಒಂದು ಸಾಲು ಮುಗಿಯುವಷ್ಟರಲ್ಲಿ ಆಯಿ ಕೈ ಅಡ್ಡ ಹಿಡಿದರು. ‘ಹಾಡು ಬೇಡ ತಮ್ಮಾ, ಬರೀ ಪೇಟಿ ನುಡಿಸು.’

ಯಾಕೆಂದು ಹೊಳೆಯಲು ನನಗೆ ವರ್ಷಗಳೇ ಬೇಕಾದವು. ಈ ದೇಹವೇ ನಮ್ಮದಲ್ಲ, ಇನ್ನು ಮನೆ ಯಾವ ಲೆಕ್ಕ ಎಂದು ಆ ಪದ ಹೇಳುತ್ತದೆ. ಆದರೆ ಆಯಿಯ ಮನೆ ವಿಧಿಯಿಂದ ಹೋಗುತ್ತಿರಲಿಲ್ಲ. ಎಲ್ಲೋ ಕುಳಿತವರು ನಕ್ಷೆಯ ಮೇಲೆ ಗೆರೆ ಎಳೆದಿದ್ದರು. ಎಲ್ಲವೂ ಮಾಯೆ ಎಂದುಬಿಟ್ಟರೆ ಆ ಗೆರೆಯೂ ಮಾಯೆಯಾಗುತ್ತದೆ. ಅವರಿಗೆ ಸಮಾಧಾನ ಬೇಕಿರಲಿಲ್ಲ.

ಮಾರವಾ ಹಿಡಿದೆ. ಸೂರ್ಯ ಮುಳುಗುವ ಹೊತ್ತಿನ ರಾಗ. ಅದರಲ್ಲಿ ಪಂಚಮವೇ ಇಲ್ಲ. ರಾಗಕ್ಕೆ ಮನೆಯಂತಿರುವ ಆಧಾರಸ್ವರ ಷಡ್ಜವನ್ನೂ ಬಹಳ ಹೊತ್ತು ತಡೆಹಿಡಿಯುತ್ತಾರೆ. ಕೋಮಲ ರಿಷಭ ಮತ್ತು ಶುದ್ಧ ಧೈವತಗಳ ನಡುವೆ ಸುತ್ತುತ್ತಲೇ ಇರಬೇಕು, ಮನೆ ಕಣ್ಣೆದುರಿಗಿದ್ದೂ ಹೊಸಿಲು ದಾಟದವರಂತೆ. ಆಯಿ ಚೌಕಟ್ಟಿನಿಂದ ಮೊಳೆ ಕಿತ್ತು ಕಿತ್ತು ಡಬ್ಬಿಗೆ ಹಾಕುತ್ತಿದ್ದರು. ಅವರ ಕೈ ನಿಂತಾಗ ನಾನೂ ಧೈವತದ ಮೇಲೆ ನಿಲ್ಲುತ್ತಿದ್ದೆ. ನನ್ನ ಹಳೆಯ ಪೇಟಿಯ ತಿದಿ ಸ್ವಲ್ಪ ಸೋರುತ್ತಿತ್ತು; ಸ್ವರ ನಿಂತಲ್ಲೆಲ್ಲ ಅದರ ಉಸಿರು ಕೇಳುತ್ತಿತ್ತು. ಮೊಳೆ ಮತ್ತೆ ಡಬ್ಬಿಗೆ ಬಿದ್ದರೆ ನಾನೂ ಮುಂದಕ್ಕೆ. ಮೊದಲೇ ಕಟ್ಟಿಟ್ಟ ಹಾಡಿಗೆ ಹೀಗೆ ಕಾಯಲು ಬರುವುದಿಲ್ಲ. ಅಲ್ಲಲ್ಲೇ ಹುಟ್ಟುವ ಸಂಗೀತದ ಶಕ್ತಿ ಇರುವುದೇ ಇದರಲ್ಲಿ: ಎದುರಿಗಿರುವವರ ದುಃಖ ಎಷ್ಟು ನಿಧಾನವೋ ಅದೂ ಅಷ್ಟೇ ನಿಧಾನ.

(ಪೇಟಿ ಒಂದನ್ನೇ ಕುಳಿತು ಕೇಳುವ ರೂಢಿ ನಮ್ಮ ಸೀಮೆಗೆ ಹೊಸದಲ್ಲ. ಬೆಳಗಾವಿಯ ರಾಂಭಾವು ವಿಜಾಪುರೆಯವರಂಥವರು ಅದಕ್ಕೆ ತನಿವಾದ್ಯದ ಮರ್ಯಾದೆ ತಂದುಕೊಟ್ಟಿದ್ದರು.)

ಬಹಳ ಕಾಲದ ನಂತರ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಅಲಬಾಮಾ’ ಕೇಳಿದೆ. 1963ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚಿಗೆ ವರ್ಣದ್ವೇಷಿಗಳು ಬಾಂಬ್ ಇಟ್ಟು ನಾಲ್ವರು ಹುಡುಗಿಯರನ್ನು ಕೊಂದರು. ನವೆಂಬರಿನಲ್ಲಿ ಕೋಲ್ಟ್ರೇನ್ ಇದನ್ನು ನುಡಿಸಿದರು. ಆರಂಭದಲ್ಲಿ ತಾಳವಿಲ್ಲ. ಕೆಳಗೆ ಪಿಯಾನೊ ತಂಬೂರಿಯಂತೆ ಗುಂಯ್‌ಗುಡುತ್ತದೆ, ಮೇಲೆ ಸ್ಯಾಕ್ಸೊಫೋನ್ ತಡೆತಡೆದು ಮಾತನಾಡುತ್ತದೆ. ಒಂದಕ್ಷರ ಸಾಹಿತ್ಯವಿಲ್ಲ, ಹೆಸರೊಂದೇ ಗುರುತು. ಕಟ್ಟೆಯ ಮೇಲಿನ ಆ ಸಂಜೆ ನನಗೆ ಮರಳಿ ಸಿಕ್ಕಿತು.

ನಮ್ಮಲ್ಲೂ ಉದಾಹರಣೆಗಳಿವೆ. 1948ರಲ್ಲಿ ಗಾಂಧಿಯವರ ಹತ್ಯೆಯಾದಾಗ ತಬಲಾ ಇಲ್ಲದೆ ಶೋಕದ ಏನಾದರೂ ನುಡಿಸಿರೆಂದು ಆಕಾಶವಾಣಿಯವರು ಸಿತಾರ್ ವಾದಕ ರವಿಶಂಕರ್ ಅವರನ್ನು ಕೇಳಿದರು. ಅವರು ಗಾಂಧಿ ಎಂಬ ಹೆಸರಿನಿಂದಲೇ ಗ, ನಿ, ಧ ಸ್ವರಗಳನ್ನು ಆಯ್ದು ಮೋಹನ್ ಕೌನ್ಸ್ ರಾಗಕ್ಕೆ ರೂಪ ಕೊಟ್ಟರು. ಕೇಳುವವರ ಕಿವಿಗೆ ಆ ಅಕ್ಷರ ಬೀಳುವುದಿಲ್ಲ, ನಿಜ. ಬೆರಳು ಯಾರಿಗಾಗಿ ಚಲಿಸುತ್ತಿದೆ ಎಂಬುದು ನುಡಿಸುವವರಿಗೆ ಗೊತ್ತಿರುತ್ತದೆ. ನನ್ನ ಅನುಭವದಲ್ಲಿ ಅದು ನಾದದಲ್ಲಿ ಬಂದೇ ಬರುತ್ತದೆ.

1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾ ನಿರಾಶ್ರಿತರಿಗಾಗಿ ಅದೇ ರವಿಶಂಕರ್, ಸರೋದ್‌ನ ಅಲಿ ಅಕ್ಬರ್ ಖಾನ್ ಮತ್ತು ತಬಲಾದ ಅಲ್ಲಾರಖಾ ಕೂಡಿ ನುಡಿಸಿದರು. ಅಂದಿನ ಟಿಕೆಟ್ ಹಣ, ಸುಮಾರು 2.43 ಲಕ್ಷ ಡಾಲರ್, ಯುನಿಸೆಫ್‌ಗೆ ಹೋಯಿತು. ಅಲ್ಲಿ ನಾದದ ಜೊತೆ ಅನ್ನದ ಲೆಕ್ಕವೂ ಇತ್ತು. ನಿಮ್ಮ ಅಳುಕಿಗೆ ಇದು ಮುಖ್ಯ ಎಂದುಕೊಂಡಿದ್ದೇನೆ, ಏಕೆಂದರೆ ಇದಕ್ಕೆ ತಿರುಗುಮುರುಗಾದದ್ದನ್ನೂ ನಾನು ಮಾಡಿದ್ದೇನೆ. ಮುಂದೊಮ್ಮೆ ಹಕ್ಕುಪತ್ರ ವಿತರಣೆಯ ಸಮಾರಂಭಕ್ಕೆ ನಮ್ಮನ್ನು ನುಡಿಸಲು ಕರೆದರು. ನುಡಿಸಿದೆವು, ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ಹಕ್ಕುಪತ್ರ ಸಿಗದವರು ಶಾಮಿಯಾನದ ಹೊರಗೆ ಬಿಸಿಲಲ್ಲಿ ನಿಂತಿದ್ದರು. ನಮ್ಮ ವಾದ್ಯದ ಸದ್ದಿನಲ್ಲಿ ಅವರ ದನಿ ಯಾರಿಗೂ ಕೇಳಲಿಲ್ಲ. ಆ ದಿನದ ನುಡಿಸಾಣಿಕೆ ಇಂದಿಗೂ ನನ್ನ ಎದೆ ಚುಚ್ಚುತ್ತದೆ.

ಆದ್ದರಿಂದ ಧರಣಿಯ ಜಾಗಕ್ಕೆ ಹೋಗಿ. ಅರ್ಜಿ ಬರೆದುಕೊಡುವುದಿದ್ದರೆ ಬರೆದುಕೊಡಿ, ನೀರಿನ ಕೊಡ ತುಂಬಿಸುವುದಿದ್ದರೆ ತುಂಬಿಸಿ. ಕೊಳಲು ಚೀಲದಲ್ಲೇ ಇರಲಿ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಚೀಲದಲ್ಲಿ ಏನಿದೆ ಎಂದು ಯಾರಾದರೂ ಕೇಳುತ್ತಾರೆ. ಆಗ ತೆಗೆಯಿರಿ.