ಹಿಮಾಲಯದಲ್ಲಿ ಕಡಲಿನ ಕುರುಹು

ಪ್ರಶ್ನೆ: ಸಮುದ್ರದಿಂದ ಅಷ್ಟು ದೂರವಿರುವ ಹಿಮಾಲಯದಲ್ಲಿ ಕಡಲಜೀವಿಗಳ ಪಳೆಯುಳಿಕೆಗಳು ಸಿಗುವುದು ಹೇಗೆ?

ಉತ್ತರ: ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತು. ಉತ್ತರಕ್ಕೆ ಸರಿಯುತ್ತಿದ್ದ ಭಾರತದ ಭೂಫಲಕವು (ಭೂಮಿಯ ಗಟ್ಟಿ ಹೊರಪದರದ ಬೃಹತ್ ತುಂಡು) ಸುಮಾರು 5 ಕೋಟಿ ವರ್ಷಗಳ ಹಿಂದೆ ಯುರೇಷಿಯಾ ಫಲಕಕ್ಕೆ ಡಿಕ್ಕಿ ಹೊಡೆದಾಗ, ಸಾಗರತಳದ ಭಾರವಾದ ಶಿಲೆಯಂತೆ ಭೂಗರ್ಭಕ್ಕೆ ಇಳಿಯಲಾರದ ಹಗುರವಾದ ಖಂಡಶಿಲೆಯು ಮಡಿಚಿಕೊಂಡು, ಬಿರಿದು, ಪದರದ ಮೇಲೆ ಪದರವಾಗಿ ಏರಿತು. ಅದರೊಂದಿಗೆ, ಕಡಲಜೀವಿಗಳ ಅವಶೇಷ ಹುದುಗಿ ಕಡಲತಳದಲ್ಲಿ ಗಟ್ಟಿಗೊಂಡಿದ್ದ ಕೆಸರೂ ಮೇಲೆದ್ದಿತು. ಎವರೆಸ್ಟಿನ ತುದಿಯಲ್ಲಿರುವುದೂ ಕಡಲತಳದಲ್ಲಿ ರೂಪುಗೊಂಡ ಸುಣ್ಣಕಲ್ಲೇ. ಅಷ್ಟು ದೂರವೇಕೆ, ನಮ್ಮಲ್ಲಿ ಎಷ್ಟೋ ಮನೆಗಳ ದೇವರಪೆಟ್ಟಿಗೆಯಲ್ಲಿರುವ, ನೇಪಾಳದ ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಸುರುಳಿಯು ಅಮೋನೈಟ್ ಎಂಬ ಅಳಿದುಹೋದ ಕಡಲಜೀವಿಯ ಚಿಪ್ಪಿನ ಗುರುತು. ಟಿಬೆಟ್ಟಿನಡಿ ಭೂಮಿಯ ತೊಗಟೆ ಸುಮಾರು 70 ಕಿ.ಮೀ. ದಪ್ಪವಾಗಿರುವುದೂ ಈ ಒತ್ತಡದಿಂದಲೇ. ಭಾರತದ ಫಲಕವು ಇಂದಿಗೂ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತಿದ್ದು, 2015ರ ನೇಪಾಳ ಭೂಕಂಪ ಅದರ ಪರಿಣಾಮವಾಗಿತ್ತು.