ವಾಯೆ ರೆಬೊಗೆ ಒಂದೇ ದಿನದಲ್ಲಿ ಹೋಗಿ ಬರುವ ಪ್ಲಾನ್ ಬಿಟ್ಟುಬಿಡಿ

ನಮ್ಮ ಕಾಫಿ ಬೆಳೆಗಾರರ ಗುಂಪಿನಲ್ಲಿ ಸಕಲೇಶಪುರದ ಗೆಳೆಯರ ಪೋಸ್ಟ್ ಓದಿದೆ. ವಾಯೆ ರೆಬೊ ಅಂದರೆ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಬೆಟ್ಟದ ಮೇಲಿನ ಏಳು ದುಂಡು ಮನೆಗಳ ಊರು. ಅವರ ಪ್ಲಾನ್ ಇದು: ಡಿಸೆಂಬರ್ ಕೊನೆಯ ವಾರ ಬಾಲಿ ಮುಗಿಸಿ ಫ್ಲೋರೆಸ್ ದ್ವೀಪ, ಲಬುವಾನ್ ಬಾಜೊದಿಂದ ಬೆಳಗಿನ ಜಾವ ಹೊರಟು ವಾಯೆ ರೆಬೊ ನೋಡಿ ಅದೇ ರಾತ್ರಿ ವಾಪಸ್, ಮೇಲಿನಿಂದ ಡ್ರೋನ್ ಶಾಟ್, ಬರುವಾಗ ಅಲ್ಲಿಯ ಅರೇಬಿಕಾ ಬೀಜ ಒಂದಿಷ್ಟು. ಕೆಳಗೆ ಎಲ್ಲರೂ ಸೂಪರ್ ಅಂತ ಹಾಕಿದ್ದೀರಿ. ಮಾರಾಯ್ರೆ, ಇದರಲ್ಲಿ ಒಂದೂ ಸರಿಯಿಲ್ಲ. ಡಿಸೆಂಬರ್, ಒಂದೇ ದಿನ, ಎರಡನ್ನೂ ಮಾಡಿ ಅನುಭವಿಸಿದವನಾದ್ದರಿಂದ ಉದ್ದಕ್ಕೇ ಬರೆಯುತ್ತೇನೆ.

ಮೊದಲು ತಿಂಗಳು. ಫ್ಲೋರೆಸ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ಅದರಲ್ಲೂ ಈ ಊರಿರುವ ಮಾಂಗ್ಗರಾಯ್ ಬೆಟ್ಟಸೀಮೆ ಸುಮ್ಮನೆ ಸುರಿಸಿಕೊಂಡು ನಿಂತಿರುತ್ತದೆ. ಊರು ಇರುವುದು ಸುಮಾರು 1,100 ಮೀಟರ್ ಎತ್ತರದ ಬಾಣಲೆಯಂಥ ಕಣಿವೆಯಲ್ಲಿ, ಸುತ್ತ ಕಾಡು. ಮೋಡ ಇಳಿಯಿತೆಂದರೆ ಹತ್ತು ಮಾರು ದೂರದ ಮನೆಯೂ ಕಾಣುವುದಿಲ್ಲ. ನಾವು ಹೋದ ದಿನ, ಹತ್ತಲು ಶುರುಮಾಡುವ ಕೆಳಗಿನ ಊರು ಡೆಂಗೆ ತಲುಪುವ ಮೊದಲೇ ದಾರಿಯಲ್ಲಿ ಮಣ್ಣು ಜರಿದು ಕಾದೆವು, ಹತ್ತುವಾಗ ಕಾಲಿಗೆಲ್ಲ ಇಂಬಳ, ಮೇಲೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಏಳು ಮನೆಗಳಲ್ಲಿ ಸರಿಯಾಗಿ ಕಂಡದ್ದು ಎರಡು. ಕತ್ತಲಾಗುವ ಮೊದಲು ಕಾಡು ದಾಟಬೇಕೆಂದು ಗೈಡ್ ಅವಸರ ಮಾಡುತ್ತಿದ್ದ. ಕೊಟ್ಟ ಕಾಫಿಯನ್ನು ನಿಂತುಕೊಂಡೇ ಕುಡಿದು ಇಳಿದೆವು. ಆ ಮನೆಯ ಹೆಂಗಸು ನಮಗೆಂದು ಅನ್ನಕ್ಕೆ ಇಟ್ಟಿದ್ದಳು, ಅದನ್ನು ಉಣ್ಣದೆ ಎದ್ದು ಬಂದದ್ದು ಇವತ್ತಿಗೂ ಕೊರೆಯುತ್ತದೆ.

ನಮ್ಮವರಿಗೆ ಹೇಳಿ ಮಾಡಿಸಿದ ಸಮಯ ಜುಲೈ, ಆಗಸ್ಟ್ ಮೊದಲ ಭಾಗ. ನಮ್ಮಲ್ಲಿ ಮುಂಗಾರಿನ ಮೊದಲ ಬೋರ್ಡೋ ದ್ರಾವಣ ಸಿಂಪಡಣೆ ಮುಗಿದಿರುತ್ತದೆ, ತೋಟಕ್ಕೆ ಇಳಿಯಲಾಗದ ಮಳೆ. ಅಲ್ಲಿ ಒಣ ಹವೆ, ಜೊತೆಗೆ ಕಾಫಿ ಕೊಯ್ಲು. ಹಣ್ಣು ಕೊಯ್ಯುವುದು, ಒಣಗಿಸುವುದು ಎಲ್ಲ ಕಣ್ಣೆದುರೇ ನಡೆಯುತ್ತದೆ. ಡಿಸೆಂಬರ್‌ನಲ್ಲಿ ನಿಮ್ಮದೇ ತೋಟದಲ್ಲಿ ಅರೇಬಿಕಾ ಹಣ್ಣಾಗಿ ಉದುರುವಾಗ ಮಳೆ ನೋಡಲು ಅಲ್ಲಿಗೆ ಯಾಕೆ ಹೋಗಬೇಕು? ಮಕ್ಕಳ ರಜೆ ಅಂತ ಬರೆದಿದ್ದೀರಿ, ಗೊತ್ತು. ಹಾಗಿದ್ದರೆ ಈ ಸಲ ಬಾಲಿ ಒಂದನ್ನೇ ನೋಡಿ, ಫ್ಲೋರೆಸ್ ಇನ್ನೊಂದು ವರ್ಷಕ್ಕಿಡಿ. ಅರ್ಧಂಬರ್ಧ ಮಾಡಬೇಡಿ.

ಇನ್ನು ದಾರಿ. ಮ್ಯಾಪ್ ತೋರಿಸುವ ಕಿಲೋಮೀಟರ್ ನಂಬಬೇಡಿ. ಲಬುವಾನ್ ಬಾಜೊದಿಂದ ಲೆಂಬೊರ್ ಗದ್ದೆಬಯಲು ದಾಟಿ ದಕ್ಷಿಣ ಕರಾವಳಿಗಿಳಿದು ಡಿಂಟೊರ್ ಮೇಲೆ ಡೆಂಗೆ ತಲುಪಲು ಐದು ತಾಸು ಇಟ್ಟುಕೊಳ್ಳಿ. ತಿರುವು ಅಂದರೆ ತಿರುವು, ಚಾರ್ಮಾಡಿಯಲ್ಲಿ ವಾಂತಿ ಮಾಡುವವರು ಮಾತ್ರೆ ಮರೆಯಬೇಡಿ. ಡೆಂಗೆಯಿಂದ ಒಂದಿಷ್ಟು ದೂರ ಬೈಕ್‌ನವರು ಬಿಡುತ್ತಾರೆ, ಅಲ್ಲಿ ಬೈಕ್ ಬಾಡಿಗೆಗೆ ಓಜೆಕ್ ಅನ್ನುತ್ತಾರೆ. ಆಮೇಲೆ ಎರಡು ಮೂರು ತಾಸು ಏರು. ಲೆಕ್ಕ ಹಾಕಿ ನೋಡಿ, ಒಂದು ದಿನದಲ್ಲಿ ಊರಿನೊಳಗೆ ಎಷ್ಟು ಹೊತ್ತು ಸಿಗುತ್ತದೆ? ಅದೂ ಮೋಡ ಏರುವ ಮಧ್ಯಾಹ್ನದ ಹೊತ್ತು.

ನಾನು ಆಮೇಲೆ ಹೋಗಿದ್ದು ರುಟೆಂಗ್ ಕಡೆಯಿಂದ, ಈಗ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ. ಲಬುವಾನ್ ಬಾಜೊದಿಂದ ರುಟೆಂಗ್‌ಗೆ ಬಂದು ರಾತ್ರಿ ಉಳಿಯಿರಿ. ಸುಮಾರು 1,200 ಮೀಟರ್ ಎತ್ತರದ ತಣ್ಣನೆಯ ಪೇಟೆ, ಸ್ವೆಟರ್ ಬೇಕೇ ಬೇಕು. ಮರುದಿನ ಡೆಂಗೆ. ಬೇಗ ತಲುಪಿದರೆ ಅಂದೇ ಹತ್ತಿ, ತಡವಾದರೆ ಡೆಂಗೆಯಲ್ಲೇ ಯಾರದಾದರೂ ಹೋಮ್‌ಸ್ಟೇಯಲ್ಲಿ ಉಳಿದು ಬೆಳಗ್ಗೆ ಹತ್ತಿ. ಏನೇ ಆದರೂ ಮೇಲೆ ಒಂದು ರಾತ್ರಿ ಮಲಗಲೇಬೇಕು, ಇದರಲ್ಲಿ ರಾಜಿ ಇಲ್ಲ. ಬೆಳಗ್ಗೆ ಎದ್ದು ಹೊರಗೆ ಬಂದಾಗ ಆಕಾಶ ತಿಳಿಯಾಗಿರುತ್ತದೆ, ಬೇರೆ ಟ್ರೆಕ್ಕಿಂಗ್‌ನವರು ಇನ್ನೂ ಕೆಳಗಿರುತ್ತಾರೆ, ಏಳು ಮನೆಗಳ ಮಾಡಿನಿಂದ ಹೊಗೆ ಸೋರುತ್ತಿರುತ್ತದೆ. ನಿಮಗೆ ಬೇಕಾದ ಫೋಟೊ ಸಿಗುವುದು ಆಗಲೇ.

ಮೇಲೆ ಹೋದಮೇಲೆ ಮೊದಲ ಕೆಲಸ ಫೋಟೊ ಅಲ್ಲ. ಊರ ಬಾಗಿಲಲ್ಲಿ ಬಿದಿರಿನ ಕೊಳವೆ ಬಡಿದು ಜನ ಬಂದ ಸುದ್ದಿ ಕೊಡುತ್ತಾರೆ. ಅಲ್ಲಿಂದ ನೇರ ದೊಡ್ಡ ಮನೆಗೆ, ಅದನ್ನು ಮ್ಬಾರು ಗೆಂಡಾಂಗ್ ಅನ್ನುತ್ತಾರೆ. ಹಿರಿಯರು ಮಾಂಗ್ಗರಾಯ್ ಮಾತಿನಲ್ಲಿ ಪೂರ್ವಜರಿಗೆ ಬಂದವರ ವಿಷಯ ಅರಿಕೆ ಮಾಡುತ್ತಾರೆ, ಅದು ವಾಯೆಲುಉ. ಕೈಯಲ್ಲಿ ಸಣ್ಣ ಕಾಣಿಕೆ ಇಟ್ಟುಕೊಂಡಿರಿ. ಇದು ಮುಗಿಯುವವರೆಗೆ ಕ್ಯಾಮೆರಾ ತೆಗೆಯಬಾರದು. ಡ್ರೋನ್ ಹಾರಿಸಬೇಕೆಂದರೆ ಇದಾದಮೇಲೆ ಅವರನ್ನು ಕೇಳಿ, ಬೇಡ ಅಂದರೆ ಬ್ಯಾಗಿನಲ್ಲೇ ಇರಲಿ. ಅಂಗಳದ ನಡುವೆ ಕಲ್ಲು ಕಟ್ಟಿದ ದಿಬ್ಬವಿದೆ, ಚೊಂಪಾಂಗ್. ಅದು ಪೂಜೆಯ ಜಾಗ, ಅದರ ಮೇಲೆ ಹತ್ತಿ ನಿಂತು ಸೆಲ್ಫಿ ತೆಗೆಯುವವರನ್ನು ಕಂಡಾಗ ನನಗೆ ಮೈ ಉರಿದಿತ್ತು. ನಮ್ಮೂರ ಬನದ ಕಲ್ಲಿನ ಮೇಲೆ ಯಾರಾದರೂ ಹತ್ತಿದರೆ ಸುಮ್ಮನಿರುತ್ತೇವಾ?

ಮನೆಗಳ ಬಗ್ಗೆ ಸ್ವಲ್ಪ ತಿಳಿದು ಹೋಗಿ, ಆಗ ನೋಡುವುದಕ್ಕೆ ಅರ್ಥ ಬರುತ್ತದೆ. ಏಳೂ ದುಂಡು ಮನೆಗಳು, ಮಾಡು ತುದಿಯಿಂದ ನೆಲದ ಹತ್ತಿರದವರೆಗೆ ಇಳಿದಿರುತ್ತದೆ, ಸುಮಾರು 15 ಮೀಟರ್ ಎತ್ತರ. ಮೊಳೆ ಹೊಡೆದದ್ದಲ್ಲ, ಬೆತ್ತದಲ್ಲಿ ಕಟ್ಟಿದ್ದು. ಒಳಗೆ ಐದು ಅಂತಸ್ತು. ಕೆಳಗೆ ಜನ. ಅದರ ಮೇಲೆ ಲೋಬೊ ಅನ್ನುವ ಅಟ್ಟದಲ್ಲಿ ದಿನಬಳಕೆಯ ಸಾಮಾನು, ಧಾನ್ಯ. ಅದರ ಮೇಲೆ ಲೆಂತಾರ್, ಬಿತ್ತನೆ ಬೀಜಕ್ಕೆ. ಆಮೇಲೆ ಲೆಂಪಾ ರಾಎ, ಬೆಳೆ ಕೈಕೊಟ್ಟ ವರ್ಷಕ್ಕೆ ಎತ್ತಿಟ್ಟ ಆಹಾರ. ತುದಿಯಲ್ಲಿ ಹೆಕಾಂಗ್ ಕೋಡೆ, ಪೂರ್ವಜರ ನೈವೇದ್ಯಕ್ಕೆ. ಒಲೆ ಮನೆಯ ನಡುವೆಯೇ ಇರುವುದರಿಂದ ಹೊಗೆ ಮೇಲಕ್ಕೇರಿ ಹುಲ್ಲು, ಬೆತ್ತ, ಬೀಜ ಎಲ್ಲಕ್ಕೂ ತಾಗುತ್ತದೆ, ಹುಳ ಬೀಳುವುದಿಲ್ಲ. ಕಣ್ಣು ಉರಿಯುತ್ತದೆ, ಸಹಿಸಿಕೊಳ್ಳಿ. ದೊಡ್ಡ ಮನೆಯಲ್ಲಿ ಎಂಟು ಕುಟುಂಬ, ಊರ ಗಾಂಗ್, ಡೋಲು ಎಲ್ಲ ಅಲ್ಲೇ. ಅತಿಥಿಗಳಿಗೆ ಬೇರೆ ಮನೆ, ಗೋಡೆಗುಂಟ ಸುತ್ತಲೂ ಚಾಪೆ ಹಾಸಿ ದಿಂಬು ಇಟ್ಟಿರುತ್ತಾರೆ, ಎಲ್ಲರೂ ಒಟ್ಟಿಗೆ ಮಲಗುವುದು. ಪ್ರತ್ಯೇಕ ರೂಮು, ಅಟ್ಯಾಚ್ಡ್ ಬಾತ್‌ರೂಮ್ ಕೇಳುವವರು ದಯವಿಟ್ಟು ಹೋಗಬೇಡಿ.

ಇವೆಲ್ಲ ಹಾಗೇ ಉಳಿದುಬಂದದ್ದಲ್ಲ. 2008ರಲ್ಲಿ ಜಕಾರ್ತಾದ ವಾಸ್ತುಶಿಲ್ಪಿ ಯೋರಿ ಅಂತಾರ್ ತಂಡ ಹೋದಾಗ ಏಳರಲ್ಲಿ ನಾಲ್ಕು ಮನೆಗಳಷ್ಟೇ ನಿಂತಿದ್ದವು. ಕಟ್ಟುವ ಕೆಲಸ ಗೊತ್ತಿದ್ದ ಹಿರಿಯರು ಇನ್ನೂ ಇದ್ದರು, ಊರವರೇ ಸೇರಿ ಹಳೇ ಕ್ರಮದಲ್ಲೇ ಉಳಿದವನ್ನು ಕಟ್ಟಿದರು. 2012ರಲ್ಲಿ ಯುನೆಸ್ಕೊದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿಗಳಲ್ಲಿ ಅತ್ಯುನ್ನತ ಪ್ರಶಸ್ತಿ ಬಂತು, ಆಮೇಲೆ ಪ್ರವಾಸಿಗರು ಬರತೊಡಗಿದರು. ನಮ್ಮಲ್ಲಿ ತೊಟ್ಟಿ ಮನೆ ಬಿಚ್ಚಿ ಕಂಬ ಮಾರುವವರು ಇದನ್ನು ಒಮ್ಮೆ ನೋಡಬೇಕು. ಮಕ್ಕಳು ಮಾತ್ರ ಕೆಳಗೆ ಕೊಂಬೊ ಅನ್ನುವ ಊರಲ್ಲಿ, ಶಾಲೆ ಅಲ್ಲಿ. ವಯಸ್ಸಾದವರೇ ಹೆಚ್ಚು ಕಂಡರೆ ಊರು ಖಾಲಿಯಾಗಿದೆ ಅಂತ ಪೋಸ್ಟ್ ಹಾಕಬೇಡಿ.

ಈಗ ಕಾಫಿಗೆ ಬರೋಣ. ಅಲ್ಲಿ ಅಕ್ಕಿ ಬೆಳೆಯುವುದಿಲ್ಲ, ಕಾಫಿ ಕೆಳಗೆ ಹೊತ್ತು ಮಾರಿ ಅಕ್ಕಿ ಮೇಲೆ ಹೊತ್ತು ತರುತ್ತಾರೆ, ಅದೇ ನೀವು ಹತ್ತಿದ ದಾರಿಯಲ್ಲಿ. ಹಾಗಾಗಿ ಕಾಫಿಪುಡಿಗೆ ಚೌಕಾಸಿ ಮಾಡಬೇಡಿ. ಒಣಗಿಸಲು ಕಣ ಅಂತ ಇಲ್ಲ, ಮನೆ ಮುಂದಿನ ಹುಲ್ಲಿನ ಮೇಲೆ ಟಾರ್ಪಾಲು. ಮೋಡ ಮುಸುಕಿದ ಕೂಡಲೇ ಎಲ್ಲಿದ್ದರೂ ಓಡಿ ಬಂದು ನಾಲ್ಕು ಮೂಲೆ ಮಡಚುತ್ತಾರೆ, ಬಿಸಿಲು ಬಂದರೆ ಬಿಚ್ಚುತ್ತಾರೆ. ಒಣಗಿದ್ದನ್ನು ಹೆಂಗಸರು ಮರದ ಒರಳಿಗೆ ಹಾಕಿ ಎದುರುಬದುರು ನಿಂತು ಕುಟ್ಟುತ್ತಾರೆ, ಕೇರುತ್ತಾರೆ, ಸೌದೆ ಒಲೆಯಲ್ಲಿ ಕಪ್ಪಗೆ ಹುರಿಯುತ್ತಾರೆ. ಔಟ್‌ಟರ್ನ್ (ಒಣ ಕಾಫಿಯಿಂದ ಸಿಗುವ ಬೀಜದ ಪ್ರಮಾಣ), ಗ್ರೇಡ್ ಅಂತ ಅಳೆಯಬೇಡಿ. ಸಕ್ಕರೆ ಜಾಸ್ತಿ ಹಾಕುತ್ತಾರೆ, ಬೇಡದಿದ್ದರೆ ಮೊದಲೇ "ತಾನ್ಪಾ ಗುಲಾ" ಅನ್ನಿ. ಕೆಳಗೆ ಅಂಗಡಿಗಳಲ್ಲಿ ಸಿಗುವ ಕಪಾಲ್ ಆಪಿ ಪ್ಯಾಕೆಟ್ ಕುಡಿದು ಇಂಡೋನೇಷ್ಯಾ ಕಾಫಿ ಇಷ್ಟೇ ಅಂತ ತೀರ್ಮಾನಿಸಬೇಡಿ, ನನಗಂತೂ ಅದು ರುಚಿಸಲಿಲ್ಲ. ಬಾಲಿಯಲ್ಲಿ ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಲುವಾಕ್ ಕಾಫಿ ಎಂದು ಆ ಬೆಕ್ಕನ್ನು ಗೂಡಿನಲ್ಲಿ ಕೂಡಿಟ್ಟು ತೋರಿಸುವ ಕಡೆ ಕಾಲಿಡಲೇಬೇಡಿ, ಆ ಪ್ರಾಣಿಯ ಪಾಡು ನೋಡಲಾಗದು. ವಾಯೆ ರೆಬೊದವರು ಆ ಬೆಕ್ಕನ್ನು ತಿನ್ನುವುದೂ ಇಲ್ಲ, ಅವರಿಗೆ ನಿಷಿದ್ಧ.

ಬೀಜ ತರುವ ವಿಷಯ. ಇದನ್ನು ಗುಂಪಿನ ಎಲ್ಲರೂ ಓದಿ. ಹಣ್ಣು, ಪಾರ್ಚ್‌ಮೆಂಟ್ (ಒಳಸಿಪ್ಪೆ ತೆಗೆಯದ ಬೀಜ), ಸಸಿ, ಯಾವುದನ್ನೂ ಜೇಬಿನಲ್ಲಿ ಹಾಕಿಕೊಂಡು ಬರಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಇಲ್ಲದೆ ತರುವುದು ಅಪರಾಧ. ಅದಕ್ಕಿಂತ ಮುಖ್ಯ, ಕಾಫಿಯ ಕಾಯಿಕೊರಕ ಹುಳ 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಂಡಿತು, ಆಮೇಲೆ ನಮ್ಮ ತೋಟಗಳಲ್ಲಿ ಏನಾಯಿತೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಇಂಥ ಒಂದು ಹಿಡಿ ಬೀಜಕ್ಕಾಗಿ ಇನ್ನೊಂದು ಪೀಡೆ ತರಬೇಕಾ? ಹುರಿದದ್ದು ತನ್ನಿ, ಸಾಕು. ಅಲ್ಲದೆ ಹೊಸ ತಳಿ ಅಂತ ಆಸೆಪಡುವಂಥದ್ದೂ ಅಲ್ಲ. ಇಂಡೋನೇಷ್ಯಾದಲ್ಲಿ "ಜೆಂಬರ್" ಅಂತ ಕರೆಯುವ ಗಿಡ ನಮ್ಮ ಬಾಳೆಹೊನ್ನೂರಿನ ಎಸ್ 795, ಜಾವಾದ ಜೆಂಬರ್ ಸಂಶೋಧನಾ ಕೇಂದ್ರ ಹಂಚಿದ್ದರಿಂದ ಆ ಹೆಸರು. ಅದಕ್ಕೂ ಮೊದಲು 1696ರಲ್ಲಿ ಡಚ್ಚರು ಜಾವಾಕ್ಕೆ ಕಾಫಿ ಸಸಿ ಒಯ್ದದ್ದು ಮಲಬಾರಿನಿಂದ, ಅದು ಉಳಿಯಲಿಲ್ಲ ಅಂತ 1699ರಲ್ಲಿ ಮತ್ತೆ ಒಯ್ದರು. ನಮ್ಮ ಕಡೆಯದೇ ಗಿಡ.

ಇದರ ಜೊತೆಗೆ, ಅಲ್ಲಿ ಗೀಲಿಂಗ್ ಬಾಸಾ ನೋಡಿ ಬಂದು ಇಲ್ಲಿ ಮಾಡುತ್ತೇವೆ ಅಂತ ಇನ್ನೊಬ್ಬರು ಬರೆದಿದ್ದಾರೆ. ಅದು ಮುಖ್ಯವಾಗಿ ಸುಮಾತ್ರಾದ ಪದ್ಧತಿ, ಪಾರ್ಚ್‌ಮೆಂಟ್ 30-35% ತೇವ ಇರುವಾಗಲೇ ಸಿಪ್ಪೆ ತೆಗೆಯುವುದು. ಬಿಸಿಲೇ ಇಲ್ಲದ ಕಡೆ, ರೈತನಿಗೆ ಬೇಗ ದುಡ್ಡು ಬೇಕಾದ ಕಡೆ ಹುಟ್ಟಿದ್ದು. ಸಿಪ್ಪೆ ತೆಗೆಯುವ ಮೆಷಿನ್ (ಹಲ್ಲರ್) ಬೇರೆ ಥರದ್ದು ಬೇಕು, ನಮ್ಮ ಮಾಮೂಲಿ ಮೆಷಿನ್‌ಗೆ ಹಾಕಿದರೆ ಬೀಜ ಜಜ್ಜಿ ಹೋಗುತ್ತದೆ. ಬೀಜ ಸಂಸ್ಕರಿಸುವ ಕ್ಯೂರಿಂಗ್‌ನವರು ಕೇಳುವುದು 10-11% ತೇವದ ಹದ. ಡಿಸೆಂಬರ್ ಬಿಸಿಲು ಇರುವ ನಮಗೆ ಈ ಉಸಾಬರಿ ಯಾಕೆ?

ರುಟೆಂಗ್‌ನಲ್ಲಿ ಉಳಿದರೆ ಒಂದು ದಿನ ಸುತ್ತಮುತ್ತಲಿಗೆ ಕೊಡಿ. ಚಾಂಚಾರ್ ಹತ್ತಿರ ಗುಡ್ಡ ಹತ್ತಿದರೆ ಲಿಂಗ್ಕೊ ಅನ್ನುವ ಊರೊಟ್ಟಿನ ಗದ್ದೆಗಳು ಕಾಣುತ್ತವೆ, ಜೇಡರ ಬಲೆಯ ಹಾಗೆ. ನಡುವಿನ ಬಿಂದು ಲೋಡೊಕ್. ಅಲ್ಲಿಂದ ಗೆರೆ ಎಳೆದು ಪಾಲು ಹಂಚುತ್ತಾರೆ, ನಡುವೆ ಬೆರಳಿನ ಅಳತೆ, ಅಂಚಿಗೆ ಹೋದಂತೆ ಅಗಲ. ಹಂಚುವ ಹಿರಿಯ ತುಆ ತೆನೊ. ಊರಿನ ದೊಡ್ಡ ಮನೆಯ ಡೋಲು ಒಳಗೆ, ಲಿಂಗ್ಕೊ ಹೊರಗೆ, ಎರಡೂ ಸೇರಿದರೇ ಊರು ಅಂತ ಅವರ ಗಾದೆ. ಪಾಲುಪಟ್ಟಿ, ಸರ್ವೆ ಕಲ್ಲು ಅಂತ ಕೋರ್ಟಿಗೆ ಅಲೆಯುವ ನಮಗೆ ಅದನ್ನು ನಿಧಾನಕ್ಕೆ ನೋಡುವುದು ಒಳ್ಳೆಯದು. ಲಿಯಾಂಗ್ ಬುಆ ಗುಹೆಯೂ ಹತ್ತಿರ, 2003ರಲ್ಲಿ ಸುಮಾರು ಒಂದು ಮೀಟರ್ ಎತ್ತರದ ಕುಳ್ಳ ಮಾನವ ಜಾತಿಯ ಎಲುಬು ಸಿಕ್ಕಿದ್ದು ಅಲ್ಲೇ. ಅರ್ಧ ದಿನ ಸಾಕು.

ಪೂರ್ವಕ್ಕೆ ಚೊಲೊಲ್ ಕಾಫಿ ಊರುಗಳು. ಸಮಯ ಇದ್ದರೆ ಹೋಗಿ, ಹಳೇ ತಳಿಯ ಗಿಡಗಳನ್ನು ಜುರಿಯಾ ಅನ್ನುತ್ತಾರೆ. ಆದರೆ ಅಲ್ಲಿಯವರ ಜೊತೆ ಅರಣ್ಯ ಒತ್ತುವರಿ ವಿಷಯವನ್ನು ಹಗುರವಾಗಿ ಎತ್ತಬೇಡಿ. ಸಂರಕ್ಷಿತ ಅರಣ್ಯದೊಳಗೆ ಬಂತೆಂದು ಸರ್ಕಾರದವರು ಕಾಫಿ ಗಿಡ ಕಡಿಸಿದರು, 2004ರ ಮಾರ್ಚ್ 10ರಂದು ರುಟೆಂಗ್‌ನಲ್ಲಿ ಪೊಲೀಸರ ಗುಂಡಿಗೆ ಆರು ರೈತರು ಸತ್ತರು. ಒತ್ತುವರಿ ನೋಟಿಸ್ ಕೈಯಲ್ಲಿ ಹಿಡಿದು ನಿಂತವರು ನಮ್ಮಲ್ಲೂ ಎಷ್ಟೋ ಜನ ಇದ್ದಾರೆ. ಅವರಾಗಿ ಹೇಳಿದರೆ ಕೂತು ಕೇಳಿ.

ಊಟ. ಮಾಂಗ್ಗರಾಯ್‌ನಲ್ಲಿ ಹೆಚ್ಚಿನವರು ಕ್ಯಾಥೊಲಿಕ್ ಕ್ರೈಸ್ತರು, ಹಂದಿಮಾಂಸ ಸಾಮಾನ್ಯ. ಸಸ್ಯಾಹಾರಿಗಳು ಡೆಂಗೆಯಲ್ಲೇ ಹೇಳಿ, ಮೇಲೆ ಅನ್ನ, ಸೊಪ್ಪು ಪಲ್ಯ ಸಿಗುತ್ತದೆ. ಸಂಬಾಲ್ ಚಟ್ನಿಯಲ್ಲಿ ಸಿಗಡಿಯ ತೆರಾಸಿ ಇರಬಹುದು, ಕೇಳಿ ತಿನ್ನಿ. ಚಟ್ನಿಪುಡಿ ಡಬ್ಬ ಒಂದಿದ್ದರೆ ಮನೆಯವರು ಗೊಣಗುವುದಿಲ್ಲ.

ಶೂ ವಿಷಯಕ್ಕೆ ದುಬಾರಿ ಬ್ರ್ಯಾಂಡ್ ಬೇಡ, ಹಿಡಿತ ಇರುವ ಹಳೆಯ ಜೋಡಿ ಸಾಕು. ಹೊಸದನ್ನು ಮಾತ್ರ ಹಾಕಿಕೊಂಡು ಹೋಗಬೇಡಿ, ಇಳಿಯುವಾಗ ಉಗುರು ಕಪ್ಪಾಗುತ್ತದೆ. ಇಂಬಳಕ್ಕೆ ನಮ್ಮ ಸುಣ್ಣ, ಹೊಗೆಸೊಪ್ಪೇ ಒಳ್ಳೆಯದು. ಸಿಮ್ ಟೆಲ್ಕೊಮ್‌ಸೆಲ್ ತಗೊಳ್ಳಿ, ಫ್ಲೋರೆಸ್ ಒಳನಾಡಿನಲ್ಲಿ ಅದೇ ವಾಸಿ, ಊರಲ್ಲಿ ಮಾತ್ರ ಯಾವುದೂ ಇಲ್ಲ ಅಂತಲೇ ತಿಳಿದು ಮನೆಗೆ ಮೊದಲೇ ಫೋನ್ ಮಾಡಿಬಿಡಿ. ಪವರ್ ಬ್ಯಾಂಕ್, ಟಾರ್ಚ್ ಇರಲಿ. ರುಟೆಂಗ್‌ನಲ್ಲೇ ಎಟಿಎಂನಿಂದ ಸಾಕಷ್ಟು ನಗದು ತೆಗೆದುಕೊಳ್ಳಿ, ಸಣ್ಣ ನೋಟುಗಳಲ್ಲಿ. ಊರಿನ ತಂಗುವ ಶುಲ್ಕ, ಗೈಡ್, ಓಜೆಕ್, ಕಾಫಿಪುಡಿ, ಹೆಂಗಸರು ನೇಯುವ ಸೊಂಗ್ಕೆ ಬಟ್ಟೆ, ಎಲ್ಲಕ್ಕೂ ಅದೇ ಬೇಕು. ದರ ಬದಲಾಗುತ್ತಿರುತ್ತದೆ, ಡೆಂಗೆಯಲ್ಲಿ ಕೇಳಿ ಖಚಿತ ಮಾಡಿಕೊಂಡು ಹತ್ತಿ. ಜುಲೈಗೆ ತಿಂಗಳು ಬದಲಿಸಿದರೆ ಇಲ್ಲೇ ತಿಳಿಸಿ, ರುಟೆಂಗ್ ಕಡೆಯ ದಾರಿಯನ್ನು ದಿನಕ್ಕೆ ಸರಿಯಾಗಿ ಹಂಚಿ ಬರೆದುಕೊಡುತ್ತೇನೆ.