ದಿನದ ಓಟ ನೋಡಿ ಕಾರು ಆರಿಸಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಿಂದ ಆಫೀಸಿಗೆ 4 ಕಿಲೋಮೀಟರ್. ದೂರದ ಪ್ರಯಾಣ ವರ್ಷಕ್ಕೆ ಎರಡು ಸಲ ಅಷ್ಟೆ. ಆದರೂ ಡೀಸೆಲ್ ಕಾರಿನ ಎಳೆತವೇ ಇಷ್ಟ. ಕೊಳ್ಳಬಹುದೇ?

ಉತ್ತರ: ಬೇಡ. ಡೀಸೆಲ್ ಎಂಜಿನ್ನಿನ ಎಳೆತ ನಿಜಕ್ಕೂ ಚೆಂದ, ಆದರೆ 4 ಕಿಲೋಮೀಟರ್ ಓಟಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಈಗಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆ ಬಿಸಿ ಹುಟ್ಟಿಸಲು ಎಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಈ ಕೆಲಸ ಅರ್ಧದಲ್ಲಿರುವಾಗಲೇ ಆಫೀಸು ಬಂತು, ಗಾಡಿ ಆಫ್ ಆಯಿತು. ಸಂಜೆ ಮತ್ತೆ ಶುರು, ಮತ್ತೆ ಅರ್ಧಕ್ಕೇ ನಿಲುಗಡೆ.

ತೊಂದರೆ ಫಿಲ್ಟರ್ ಕಟ್ಟಿಕೊಳ್ಳುವುದಕ್ಕೇ ಮುಗಿಯುವುದಿಲ್ಲ. ಅನೇಕ ಎಂಜಿನ್ನುಗಳಲ್ಲಿ ಆ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಒಳಗೇ ಬೀಳುತ್ತದೆ. ಉರಿಯದೆ ಉಳಿದದ್ದು ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗುರುತು ದಾಟಿರುತ್ತದೆ, ಬೆರಳಿಗೆ ತೆಳ್ಳಗೆ ಜಾರುತ್ತದೆ, ಮೂಸಿದರೆ ಡೀಸೆಲ್ ವಾಸನೆ. ಅಂಥ ಆಯಿಲ್‌ನಲ್ಲಿ ಬೇರಿಂಗುಗಳು ಬೇಗ ಸವೆಯುತ್ತವೆ. ಈಗಾಗಲೇ ಇಂಥ ಕಾರು ಇರುವವರು ಡಿಪಿಎಫ್ ದೀಪ ಹೊತ್ತಿದ ಕೂಡಲೇ ಖಾಲಿ ರಸ್ತೆಯಲ್ಲಿ 60 ಕಿಲೋಮೀಟರ್‌ಗೂ ಮೇಲಿನ ವೇಗದಲ್ಲಿ, ಎಂಜಿನ್ 2,000 ಆರ್‌ಪಿಎಂಗಿಂತ ಕೆಳಗಿಳಿಯದ ಗಿಯರಿನಲ್ಲಿ 15ರಿಂದ 20 ನಿಮಿಷ ಒಂದೇ ಸಮ ಓಡಿಸಿ. ನಿಮಗೆ ಮಾತ್ರ ನನ್ನ ಸಲಹೆ ಪೆಟ್ರೋಲ್, ಇಲ್ಲವೇ ಮನೆಯಲ್ಲೇ ಚಾರ್ಜ್ ಮಾಡಲು ಜಾಗವಿದ್ದರೆ ಎಲೆಕ್ಟ್ರಿಕ್.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವನಿದ್ದೇನೆ. ಮೆಕ್ಯಾನಿಕ್ ಜೊತೆಗಿಲ್ಲ. ನಾನೇ ಏನೇನು ನೋಡಬಹುದು?

ಉತ್ತರ: ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ‘ಆಮೇಲೆ ಬರುತ್ತೇನೆ’ ಎಂದು ಹೇಳಿ ವಾಪಸ್ ಬನ್ನಿ. ಎಂಜಿನ್ನಿನ ರೋಗ ಗೊತ್ತಾಗುವುದು ತಣ್ಣಗಿರುವಾಗ ಸೆಲ್ಫ್ ಹೊಡೆದ ಮೊದಲ ಅರ್ಧ ನಿಮಿಷದಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲೆಂಟ್ ಒಳಗೆ ಸೋರುತ್ತಿದೆ. ಚಳಿಯಲ್ಲಿ ಮೊದಲಿಗೆ ಬಂದು ಮಾಯವಾಗುವ ಬಿಳಿ ಹಬೆ ಬರೀ ನೀರಿನದು, ಅದಕ್ಕೆ ಹೆದರಬೇಡಿ.

ಮುಂದಿನದು ಟೈರ್. ಪಕ್ಕದಲ್ಲಿ ‘ಡಾಟ್’ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಮೀಟರಿನಲ್ಲಿ 18,000 ಕಿಲೋಮೀಟರ್ ಎಂದಿದೆ, ನಾಲ್ಕೂ ಟೈರು ಕಾರಿಗಿಂತ ಮೂರು ವರ್ಷ ಹೊಸವು ಎಂದಾದರೆ ಹಳೆಯವು ಎಲ್ಲಿ ಸವೆದವು ಎಂದು ಕೇಳಲೇಬೇಕು. ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿದ್ದರೆ, ಸ್ಟೀರಿಂಗ್ ಹೊಳೆಯುತ್ತಿದ್ದರೆ ಅವೂ ಅದೇ ಕಥೆ ಹೇಳುತ್ತವೆ. ಟೈರಿನ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಕೆಟ್ಟಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ.

ಬಾನೆಟ್ ಮತ್ತು ಮುಂದಿನ ಫೆಂಡರಿನ ಬೋಲ್ಟುಗಳ ತಲೆ ನೋಡಿ. ಕಾರ್ಖಾನೆಯ ಬಣ್ಣ ಅಖಂಡವಾಗಿರಬೇಕು. ಮೂಲೆ ಎದ್ದು ಲೋಹ ಕಂಡರೆ ಸ್ಪಾನರ್ ಬಿದ್ದಿದೆ, ಅಂದರೆ ಆ ಭಾಗ ಕಳಚಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ: ನೀರಲ್ಲಿ ಮುಳುಗಿದ ಗಾಡಿಯಲ್ಲಿ ಸುರುಳಿಯ ಒಳಭಾಗದಲ್ಲಿ ಕೆಸರಿನ ಗೆರೆ ಉಳಿದಿರಬಹುದು. ಸೀಟ್ ತೊಳೆದವರೂ ಅಲ್ಲಿಗೆ ಕೈಹಾಕುವುದು ಅಪರೂಪ. ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ನೋಡಿ.

ಓಡಿಸುವಾಗ ಎರಡು ಪರೀಕ್ಷೆ ಮಾಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಮುಂದಿನ ಚಕ್ರದಿಂದ ಟಕ್ ಟಕ್ ಸದ್ದು ಬಂದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಹೋಗಿದೆ. ಗಿಯರ್ ಕಾರಾದರೆ ನಾಲ್ಕನೇ ಗಿಯರಿನಲ್ಲಿ 50ರ ವೇಗದಲ್ಲಿ ಎಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಪ್ರಶ್ನೆ: 15 ಇಂಚಿನ ಚಕ್ರ ತೆಗೆದು 17 ಇಂಚಿನದು ಹಾಕಿಸುವ ಆಸೆ. ತಪ್ಪೇ?

ಉತ್ತರ: ಲೆಕ್ಕ ಸರಿಯಿದ್ದರೆ ತಪ್ಪಲ್ಲ. ಟೈರ್ ಸೇರಿದ ಒಟ್ಟು ವ್ಯಾಸ ಬದಲಾಗಬಾರದು, ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. 195/65 ಆರ್15 ಟೈರಿನ ವ್ಯಾಸ ಸುಮಾರು 634 ಮಿಲಿಮೀಟರ್. 225/45 ಆರ್17 ಕೂಡ ಅಷ್ಟೇ. ಕಳೆದುಹೋಗುವುದು ಟೈರಿನ ಪಕ್ಕದ ಎತ್ತರ: 127 ಮಿಲಿಮೀಟರ್ ಇದ್ದದ್ದು 101ಕ್ಕೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಪೆಟ್ಟನ್ನು ನುಂಗುತ್ತಿದ್ದದ್ದು ಆ 26 ಮಿಲಿಮೀಟರ್ ರಬ್ಬರು ಮತ್ತು ಗಾಳಿ. ಅದಿಲ್ಲದಿದ್ದರೆ ರಿಮ್ ಸೊಟ್ಟಗಾಗುತ್ತದೆ, ಟೈರಿನ ಪಕ್ಕದಲ್ಲಿ ಮೊಟ್ಟೆಯಂತೆ ಉಬ್ಬು ಏಳುತ್ತದೆ. ಉಬ್ಬು ಎದ್ದ ಟೈರಿಗೆ ರಿಪೇರಿ ಇಲ್ಲ, ತೆಗೆದು ಹಾಕುವುದೇ ಸರಿ. ಕಾರಿನ ಮೇಲಿನ ಮಾದರಿಗೆ 16 ಇಂಚು ಬರುತ್ತದೆಂದಾದರೆ ಅಲ್ಲಿಗೇ ನಿಲ್ಲಿ. ಅಂದವೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ.

ಪ್ರಶ್ನೆ: ಟೈರಿನ ಮೇಲೆ 51 ಪಿಎಸ್‌ಐ ಎಂದು ಬರೆದಿದೆ. ಅಷ್ಟು ಗಾಳಿ ತುಂಬಿಸಬೇಕೇ?

ಉತ್ತರ: ಖಂಡಿತ ಬೇಡ. ಅದು ಆ ಟೈರ್ ತಡೆಯುವ ಗರಿಷ್ಠ ಮಿತಿ. ನಿಮ್ಮ ಕಾರಿಗೆ ಬೇಕಾದ ಅಂಕಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲಿ ಇರುತ್ತದೆ. ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ನೋಡಿ.

ಪ್ರಶ್ನೆ: ಹತ್ತು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದುಹೋಗುತ್ತದೆ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೇ?

ಉತ್ತರ: ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಸೆಲ್ಫ್ ಹೀರಿದ ಕರೆಂಟು ಐದು ನಿಮಿಷದ ಐಡಲಿಂಗ್‌ನಲ್ಲಿ ಪೂರ್ತಿ ವಾಪಸ್ ತುಂಬುವ ಭರವಸೆಯಿಲ್ಲ, ಎಂಜಿನ್ನೂ ಬಿಸಿಯಾಗುವುದಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಬಂದರೆ ಬ್ಯಾಟರಿ ತುಂಬಿದೆ, 12.2 ಬಂದರೆ ಅರ್ಧ ಖಾಲಿ. ಸ್ಟಾರ್ಟ್ ಮಾಡಿದಾಗ 13.8ರಿಂದ 14.5ರ ನಡುವೆ ಏರಬೇಕು. ಏರದಿದ್ದರೆ ಮೊದಲು ಆಲ್ಟರ್ನೇಟರ್, ಅದರ ಬೆಲ್ಟ್ ನೋಡಿಸಿ. ಎರಡೂ ಸರಿಯಿದ್ದು ಬ್ಯಾಟರಿ ಇಳಿಯುತ್ತಿದ್ದರೆ ಹೊರಗಿನಿಂದ ಕೂಡಿಸಿದ ಸ್ಟೀರಿಯೋ, ಡ್ಯಾಶ್ ಕ್ಯಾಮೆರಾಗಳ ವೈರಿಂಗ್ ಮೇಲೆ ಅನುಮಾನಪಡಿ. ಅಷ್ಟರವರೆಗೆ, ದೀರ್ಘ ಕಾಲ ನಿಲ್ಲಿಸುವಾಗ ಮೈನಸ್ ವೈರ್ ಕಳಚಿಡಬಹುದು, ಮ್ಯಾನ್ಯುಯಲ್ ಬೇಡ ಎನ್ನದಿದ್ದರೆ. ಕಳಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಕ್ರಮ ತಪ್ಪಿ ಪ್ಲಸ್ ಸಡಿಲಿಸುವಾಗ ಸ್ಪಾನರ್ ಬಾಡಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ.